ಹೆಗ್ಗಣ ಕಚ್ಚಿಕೊಂಡ ಬಾಯಿಗೆ ಅಜ್ಜಿ ಕೈ ಹಾಕಿದಾಗ: ಒಂದು ಜಾಕ್ ರಸೆಲ್ ಟೆರಿಯರ್ ಪ್ರಕರಣ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. 40-60ರ ಸೈಟು. ಹಿತ್ತಲಲ್ಲಿ ಎರಡು ತೆಂಗಿನ ಮರ, ಒಂದು ನುಗ್ಗೆ, ಬಟ್ಟೆ ಒಗೆಯುವ ಕಲ್ಲು, ಅದರ ಹಿಂದಿನಿಂದ ಬೀದಿ ಚರಂಡಿ ಸೇರುವ ಬಚ್ಚಲು ನೀರಿನ ಕಾಲುವೆ. ಮನೆಯಲ್ಲಿ ಗಂಡ, ಹೆಂಡತಿ, ಎಂಟು ವರ್ಷದ ಮಗಳು, ಎಪ್ಪತ್ತು ದಾಟಿದ ಅಜ್ಜಿ. ನಾಯಿ ಎರಡೂವರೆ ವರ್ಷದ ಗಂಡು ಜಾಕ್ ರಸೆಲ್ ಟೆರಿಯರ್, ಸಂತಾನಹರಣ ಆಗಿದೆ. ಎತ್ತರ 29 ಸೆಂ.ಮೀ., ತೂಕ 6.4 ಕಿಲೋ, ಈ ತಳಿಯಲ್ಲಿ ಎತ್ತರದ ಪ್ರತಿ 5 ಸೆಂ.ಮೀ.ಗೆ ಒಂದು ಕಿಲೋ ಎಂಬ ಲೆಕ್ಕವಿರುವುದರಿಂದ ಇರಬೇಕಾದ್ದಕ್ಕಿಂತ ಅರ್ಧ ಕಿಲೋಗೂ ಸ್ವಲ್ಪ ಹೆಚ್ಚೇ. ಎಂಟು ವಾರದ ಮರಿಯಾಗಿದ್ದಾಗ ತಂದದ್ದು. ಗಾತ್ರ ಚಿಕ್ಕದು, ಕೂದಲು ಗಿಡ್ಡ, ಮಗುವಿನ ಜೊತೆ ಆಡುತ್ತದೆ ಎಂದು ಆರಿಸಿದ ತಳಿ.

ಒಂದು ಸಂಜೆ ನಾಯಿ ಒಗೆಯುವ ಕಲ್ಲಿನ ಹಿಂದೆ ಒಂದು ಹೆಗ್ಗಣವನ್ನು ಮೂಲೆಗೊತ್ತಿ, ಕುತ್ತಿಗೆ ಹಿಡಿದು ನಾಲ್ಕೈದು ಸಲ ಒದರಿ ಕೊಂದಿತು. ಕೊಂದಮೇಲೆ ತಿನ್ನಲಿಲ್ಲ. ಅದರ ಮೇಲೆ ಮುಂಗಾಲಿಟ್ಟು ಮಲಗಿತು. ಅಜ್ಜಿ ಹೊರಗೆ ಬಂದು "ಥೂ, ಬಿಡೋ" ಎಂದು ಗದರಿದರು, ಕೋಲಿನಿಂದ ಹೆಗ್ಗಣವನ್ನು ಎಳೆಯಲು ನೋಡಿದರು. ನಾಯಿ ಮತ್ತೆ ಬಾಯಿಗೆ ಕಚ್ಚಿಕೊಂಡಿತು. ಅಜ್ಜಿ ಎಡಗೈಯಲ್ಲಿ ಕೊರಳ ಬೆಲ್ಟು ಹಿಡಿದು ಬಲಗೈಯನ್ನು ಹೆಗ್ಗಣದ ಬಾಲಕ್ಕೆ ಹಾಕಿದರು. ನಾಯಿ ಹೆಗ್ಗಣ ಬಿಟ್ಟು ಕೈ ಕಚ್ಚಿತು. ಮುಂಗೈ ಮೇಲೆ ಎರಡು ಆಳವಾದ ತೂತು.

ಸಲಹೆ ಕೇಳಿ ಬಂದ ಮನೆಯವರು ಮೂರು ಪ್ರಶ್ನೆ ಮುಂದಿಟ್ಟರು. ನಾಯಿಗೆ ಸಿಟ್ಟು ಹತ್ತಿದೆಯೇ? ಮಗಳ ಹುಟ್ಟುಹಬ್ಬಕ್ಕೆ ಮೊಲ ತರುವುದೆಂದು ಆಗಿತ್ತು, ಈಗ ತರಬಹುದೇ? ನಾಯಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಬೇಕೇ? ಪಕ್ಕದ ಮನೆಯವರು ಟೆರಿಯರ್ ತಳಿಯನ್ನೇ ಸರ್ಕಾರ ನಿಷೇಧಿಸಿದೆ ಎಂದೂ ಹೇಳಿದ್ದರು. ಅದು ತಪ್ಪು. 2024ರ ಮಾರ್ಚ್ 12ರ ಕೇಂದ್ರದ ಸುತ್ತೋಲೆಯಲ್ಲಿದ್ದದ್ದು ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್‌ನಂಥ ದೊಡ್ಡ ತಳಿಗಳು. ಜಾಕ್ ರಸೆಲ್ ಅದರಲ್ಲಿ ಇರಲಿಲ್ಲ. ಆ ಸುತ್ತೋಲೆಯನ್ನೂ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದುಮಾಡಿತು.

ಮೊದಲು ಗಾಯದ ವಿಚಾರ

ಅಜ್ಜಿಯ ಕೈಯನ್ನು ಸೊಸೆ ಕೂಡಲೇ ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆದರು. ಆ ಸಂಜೆ ನಡೆದ ಅತ್ಯಂತ ಒಳ್ಳೆಯ ಕೆಲಸ ಇದು. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಲಿಲ್ಲ. ಚರ್ಮ ತೂತಾಗಿ ರಕ್ತ ಬಂದ ಕಡಿತವನ್ನು ವೈದ್ಯರು ಮೂರನೇ ವರ್ಗಕ್ಕೆ ಸೇರಿಸುತ್ತಾರೆ. ಆಗ ರೇಬೀಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಲಸಿಕೆ ತೋಳಿನ ಸ್ನಾಯುವಿಗಾದರೆ 0, 3, 7, 14, 28ನೇ ದಿನ. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಾದರೆ 0, 3, 7, 28. ನಾಯಿಗೆ ಲಸಿಕೆ ಹಾಕಿಸಿದ ಪುಸ್ತಕ ಇದೆ ಎಂದು ಇದನ್ನು ತಪ್ಪಿಸಬಾರದು. ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಡಬೇಕು. ಕೈಯ ಕಡಿತ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಕೀಲು, ಸ್ನಾಯುರಜ್ಜುಗಳ ತನಕ ಸೋಂಕು ಇಳಿಯುತ್ತದೆ. ವಯಸ್ಸಾದವರಲ್ಲಂತೂ ಬಾವು ಬರುವವರೆಗೆ ಕಾಯುವುದು ಬೇಡ.

ನಾಯಿಯನ್ನೂ ನೋಡಬೇಕಿತ್ತು, ಯಾರೂ ನೋಡಿರಲಿಲ್ಲ. ಹೆಗ್ಗಣ ಸುಮ್ಮನೆ ಸಾಯುವುದಿಲ್ಲ. ಅದರ ಬಾಚಿಹಲ್ಲು ನಾಯಿಯ ತುಟಿ, ಮೂಗು, ಕೆನ್ನೆಯಲ್ಲಿ ಸೂಜಿ ಚುಚ್ಚಿದಂಥ ತೂತು ಮಾಡುತ್ತದೆ. ಮೇಲೆ ಬೇಗ ಮುಚ್ಚಿಕೊಂಡು, ಕೆಲವು ದಿನಗಳಲ್ಲಿ ಒಳಗೆ ಕೀವು ತುಂಬುತ್ತದೆ. ಈ ನಾಯಿಗೂ ಮೇಲ್ದುಟಿಯಲ್ಲಿ ಹಾಗೇ ಆಗಿತ್ತು. ಇಲಿಜ್ವರದ ಭಯ ಬೇರೆ. ಹೆಗ್ಗಣದ ಮೂತ್ರದಿಂದ ಅದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನಾಯಿಗೆ ಇದರ ಲಸಿಕೆ ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಈ ನಾಯಿಗೆ ಹಿಂದಿನ ವರ್ಷದ್ದು ತಪ್ಪಿಹೋಗಿತ್ತು, ಹೊಸದಾಗಿ ಎರಡೂ ಹಾಕಿಸಬೇಕಾಯಿತು.

ನಾಯಿಯೊಳಗೆ ಏನಾಗುತ್ತಿತ್ತು

ಟೆರಿಯರ್‌ನ ಸ್ವಭಾವ ಅರ್ಥವಾಗಬೇಕಾದರೆ ಅದನ್ನು ಯಾವ ಕೆಲಸಕ್ಕೆಂದು ಬೆಳೆಸಿದರು ಎಂಬುದನ್ನು ನೋಡಬೇಕು. 1819ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಜಾನ್ ರಸೆಲ್ ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡರು. ಮುಂದೆ ಡೆವನ್ ಸೀಮೆಯಲ್ಲಿ ಪಾದ್ರಿಯಾದ ಅವರಿಗೆ ನರಿಬೇಟೆಯ ಹುಚ್ಚು. ದೊಡ್ಡ ಬೇಟೆನಾಯಿಗಳು ಅಟ್ಟಿದ ನರಿ ಬಿಲ ಸೇರಿದಾಗ ಒಳನುಗ್ಗಿ ಹೊರಡಿಸುವುದು, ಹೊರಡದಿದ್ದರೆ ಅಲ್ಲೇ ಎದುರು ನಿಂತು ಬೊಗಳಿ ಮೇಲಿನವರಿಗೆ ಎಲ್ಲಿ ಅಗೆಯಬೇಕೆಂದು ತಿಳಿಸುವುದು ಈ ಚಿಕ್ಕ ನಾಯಿಯ ಕೆಲಸ. ಮುಂಗಾಲ ಹಿಂದೆ ಎದೆಯ ಸುತ್ತಳತೆ 40ರಿಂದ 43 ಸೆಂ.ಮೀ. ಇರಬೇಕೆಂದು ತಳಿಯ ಮಾನದಂಡ ಇಂದಿಗೂ ಹೇಳುತ್ತದೆ. ಬಿಲದಲ್ಲಿ ಸಿಕ್ಕಿಕೊಳ್ಳದೆ ಹೋಗಿಬರಲು ಬೇಕಾದ ಅಳತೆ ಅದು. ಕತ್ತಲ ಬಿಲದಲ್ಲಿ ಯಜಮಾನನ ಸನ್ನೆ ಕಾಣುವುದಿಲ್ಲ, ಕೂಗು ಕೇಳುವುದಿಲ್ಲ. ಏನು ಮಾಡಬೇಕೆಂದು ನಾಯಿ ತಾನೇ ತೀರ್ಮಾನಿಸಬೇಕು, ನೋವಾದರೂ ಹಿಂದೆಗೆಯಬಾರದು. ಹಾಗೆ ನಡೆದುಕೊಂಡ ನಾಯಿಗಳಿಂದಲೇ ಮರಿ ಪಡೆಯುತ್ತ ಬಂದರು. ಹಿತ್ತಲು ಅಗೆಯುವುದು, ಸಂದಿಯ ಮುಂದೆ ನಿಂತು ಗಂಟೆಗಟ್ಟಲೆ ಬೊಗಳುವುದು, ಕರೆದರೆ ತಿರುಗಿಯೂ ನೋಡದಿರುವುದು, ಎಂದು ಮನೆಯವರು ಬರೆದುಕೊಟ್ಟ ದೂರುಗಳಲ್ಲಿ ಬಹುಪಾಲು ಈ ಕೆಲಸದ ಅರ್ಹತೆಗಳೇ ಆಗಿದ್ದವು.

ನಾಯಿಯ ಬೇಟೆ ಹಲವು ಕೊಂಡಿಗಳ ಸರಣಿ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು, ತಿನ್ನುವುದು. ಕುರಿ ಕಾಯುವ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವ, ಹೊಂಚುವ ಭಾಗ ಬಲವಾಗಿ, ಕೊಲ್ಲುವ ಭಾಗ ಅಡಗಿದೆ. ಲ್ಯಾಬ್ರಡಾರ್‌ನಲ್ಲಿ ಹಿಡಿದು ತರುವ ಭಾಗ ಉಳಿದಿದೆ. ಟೆರಿಯರ್‌ನಲ್ಲಿ ಹೊಂಚುವುದು ಕಡಿಮೆ. ಅಟ್ಟುವುದು, ಹಿಡಿಯುವುದು, ಒದರಿ ಕೊಲ್ಲುವುದು ಮೂರೂ ಪೂರ್ತಿ ಇವೆ, ಬಹಳ ಸಲ ತಿನ್ನುವ ತನಕ ಹೋಗುವುದಿಲ್ಲ. ಇದಕ್ಕೂ ಹಸಿವಿಗೂ ಸಂಬಂಧವಿಲ್ಲ. "ಇನ್ನೊಂದು ಹಿಡಿ ಅನ್ನ ಹಾಕಿದರೆ ಸರಿಹೋಗುತ್ತೆ" ಎಂದು ಊಟ ಹೆಚ್ಚಿಸಿದ್ದರಿಂದಲೇ ಈ ನಾಯಿಯ ತೂಕ ಏರಿದ್ದು. ಸಂತಾನಹರಣದಿಂದಲೂ ಬೇಟೆ ಕುಗ್ಗುವುದಿಲ್ಲ, ಆ ನಿರೀಕ್ಷೆ ಇಟ್ಟು ಮಾಡಿಸುವವರು ತುಂಬ ಜನ. ಅಟ್ಟುವುದೇ ನಾಯಿಗೆ ಅದರ ಬಹುಮಾನ, ಮನುಷ್ಯನ ಕೈಯಲ್ಲಿರುವ ಬಿಸ್ಕತ್ತು ಅದಕ್ಕೆ ಸಮನಾಗುವುದು ಕಷ್ಟ.

ಸಿಟ್ಟಿನ ಕಚ್ಚು ಬೇರೆ, ಬೇಟೆಯ ಕಚ್ಚು ಬೇರೆ. ಸಿಟ್ಟಾದ ನಾಯಿ ಎದುರಿನವರು ದೂರ ಹೋಗಲೆಂದು ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ. ಬೇಟೆಗಿಳಿದ ನಾಯಿಗೆ ಹತ್ತಿರ ಹೋಗಬೇಕು. ಬಾಯಿ ಮುಚ್ಚಿರುತ್ತದೆ, ಕಿವಿ ಮುಂದಕ್ಕೆ, ಮೈ ಸಣ್ಣಗೆ ನಡುಗುತ್ತಿರುತ್ತದೆ, ಭಾರವೆಲ್ಲ ಮುಂಗಾಲ ಮೇಲೆ. ಅಜ್ಜಿಗೆ ಬಿದ್ದ ಕಡಿತ ಇವೆರಡರ ಸಂಧಿಯಲ್ಲಿ ಆದದ್ದು. ಬೇಟೆಯ ಆವೇಶ ಇನ್ನೂ ಇಳಿದಿಲ್ಲ, ಸಿಕ್ಕಿದ್ದನ್ನು ಕಿತ್ತುಕೊಳ್ಳುವ ಕೈ ಮುಂದೆ ಬಂತು, ಕೊರಳ ಬೆಲ್ಟು ಹಿಡಿದಿದ್ದರಿಂದ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿತು. ಅಡುಗೆಮನೆ ಕಿಟಕಿಯಿಂದ ನೋಡಿದ ಸೊಸೆ ಹೇಳಿದ ವಿವರ ಮುಖ್ಯ: ಕಚ್ಚುವ ಮುನ್ನ ನಾಯಿ ಎರಡು ಮೂರು ಸೆಕೆಂಡು ಕಲ್ಲಿನಂತೆ ನಿಂತಿತ್ತು, ತಲೆ ತಗ್ಗಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಅದು ಎಚ್ಚರಿಕೆ. ಈ ತಳಿಯಲ್ಲಿ ಗುರುಗುಟ್ಟುವಿಕೆ ಬರುವ ಮೊದಲೇ ಈ ಸ್ತಬ್ಧತೆ ಬಂದು ಹೋಗುತ್ತದೆ. ಮನೆಯವರೆಲ್ಲ ಕಲಿಯಬೇಕಾದ ಮೊದಲ ಗುರುತು ಇದೇ.

ಅಳೆದು ನೋಡಿದ್ದು

ಕಣ್ಣು, ಕಿವಿ, ಮಂಡಿ, ಹಲ್ಲಿನ ತಪಾಸಣೆ ಮೊದಲು. ಈ ತಳಿಯಲ್ಲಿ ಕಣ್ಣಿನ ಮಸೂರ ಜಾರುವ ಆನುವಂಶಿಕ ರೋಗ ಇದೆ, ಹುಟ್ಟುಕಿವುಡೂ ಉಂಟು. ಕಿವಿ ಕೇಳದ ನಾಯಿಗೆ ಹಠಮಾರಿ ಎಂಬ ಹಣೆಪಟ್ಟಿ ಸುಲಭವಾಗಿ ಬೀಳುತ್ತದೆ. ಇಲ್ಲಿ ಎಲ್ಲ ಸರಿಯಿತ್ತು.

ಆಮೇಲೆ ಅಳಿಲಿನ ಅಂತರ. ಮೈದಾನದ ಮರವೊಂದರ ಬುಡದಲ್ಲಿ ಅಳಿಲು ಕಂಡಾಗ, ಹಗ್ಗದಲ್ಲಿದ್ದ ನಾಯಿ 25 ಮೀಟರಿನಲ್ಲಿ ಹೆಸರು ಕರೆದರೆ ತಿರುಗಿ, ಕೊಟ್ಟ ಕೋಳಿ ಲಿವರ್ ತುಂಡು ತಿಂದಿತು. 12 ಮೀಟರಿನಲ್ಲಿ ತುಂಡನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. 8 ಮೀಟರಿನಲ್ಲಿ ಮೂಗಿನ ಮುಂದೆ ಹಿಡಿದರೂ ಅದಕ್ಕೆ ಕಾಣಲಿಲ್ಲ. ಈ ನಡುವಿನ ಅಂಕೆ, ಅಂದರೆ 12, ತರಬೇತಿಯ ಗಡಿ. ಗಡಿಯೊಳಗೆ ಕಲಿಸಲು ಹೋದರೆ ನಾಯಿ ಕಲಿಯುವುದು ಒಂದೇ: ಕರೆಯುವ ದನಿಗೆ ಕಿವಿಗೊಡಬೇಕಿಲ್ಲ ಎಂದು.

ಕೊಡು-ಕೊಳ್ಳುವ ಪರೀಕ್ಷೆಯಲ್ಲಿ ಚೆಂಡನ್ನು ಬಿಟ್ಟಿತು, ಮೂಳೆಗೆ ಸ್ತಬ್ಧವಾಯಿತು. ಮಗಳು ಪಕ್ಕದಲ್ಲಿ ಕೂತರೆ, ಮಲಗಿದ್ದಾಗ ಮುಟ್ಟಿದರೆ ಏನೂ ಇಲ್ಲ. ಆದರೆ ಅವಳು ಕಿರುಚುತ್ತ ಓಡಿದರೆ ಹಿಂದೆ ಓಡಿ ಹಿಮ್ಮಡಿಗೆ ಹಲ್ಲು ತಾಗಿಸುತ್ತದೆ. ಕೀರಲು ದನಿಯೂ ಓಟವೂ ಸೇರಿದರೆ ಟೆರಿಯರ್‌ನ ಕಾಲು ತಾನೇ ಏಳುತ್ತದೆ.

ಹನ್ನೆರಡು ವಾರದ ಕ್ರಮ

ಮೊದಲ ಎರಡು ವಾರ ಕಲಿಸುವ ಕೆಲಸ ಹೆಚ್ಚಿಲ್ಲ, ಮುಚ್ಚುವ ಕೆಲಸವೇ ಹೆಚ್ಚು. ಗೇಟಿನ ಕೆಳಗೆ 11 ಸೆಂ.ಮೀ. ಸಂದಿಯಿತ್ತು. ಸ್ವಲ್ಪ ಅಗೆದರೆ ಜಾಕ್ ರಸೆಲ್‌ಗೆ ಅಷ್ಟು ಧಾರಾಳ ಸಾಕು. ಅಲ್ಲಿ ಕಡಪ ಕಲ್ಲು ಹಾಸಿ ಸಿಮೆಂಟ್ ಹಿಡಿಸಲಾಯಿತು. ಗೋಡೆಯ ಬುಡದಲ್ಲಿ ಮಣ್ಣು ಸಡಿಲ ಇದ್ದ ಕಡೆ ಒಂದಿಂಚು ಕಣ್ಣಿನ ಬೆಸುಗೆ ಜಾಲರಿಯನ್ನು ಒಂದಡಿ ನೇರ ಹೂತು, ಅಲ್ಲಿಂದ ಒಂದಡಿ ಒಳಮುಖವಾಗಿ ಮಡಿಸಿ ಮಣ್ಣು ಮುಚ್ಚಿದರು. ನೇರ ಮಾತ್ರ ಹೂತರೆ ಸಾಲದು; ನಾಯಿ ಗೋಡೆಗೆ ಅಂಟಿಕೊಂಡೇ ಅಗೆಯುವುದರಿಂದ ಒಳಮಡಿಕೆಯೇ ಅದನ್ನು ತಡೆಯುತ್ತದೆ. ಬಚ್ಚಲು ಕಾಲುವೆಯ ಬಾಯಿಗೆ ಕಬ್ಬಿಣದ ಜಾಲಿ ಕೂರಿಸಿದರು. ಇದು ಹೆಗ್ಗಣಕ್ಕಷ್ಟೇ ಅಲ್ಲ, ನಾಯಿಯ ಜೀವಕ್ಕೂ. ಪೈಪಿನೊಳಗೆ ನುಗ್ಗಿದ ಟೆರಿಯರ್ ಹಿಂದಕ್ಕೆ ತೆವಳಲಾಗದೆ ಸಿಕ್ಕಿಕೊಳ್ಳುತ್ತದೆ, ಬೇಟೆಯ ಗುಂಗಿನಲ್ಲಿ ಮುಂದಕ್ಕೇ ತಳ್ಳಿಕೊಳ್ಳುತ್ತದೆ.

ಹೆಗ್ಗಣ ಕಡಿಮೆ ಮಾಡಲು ಬೋನು ಇಟ್ಟರು, ಕಸದ ಬುಟ್ಟಿಗೆ ಮುಚ್ಚಳ, ಸೌದೆ ರಾಶಿ ತೆರವು, ನಾಯಿಯ ತಟ್ಟೆ ರಾತ್ರಿ ಒಳಗೆ. ಪಾಷಾಣ ಬೇಡವೇ ಬೇಡ. ಬ್ರೊಮಾಡಿಯೊಲೋನ್ ಎಂಬ ಇಲಿವಿಷದ ಬಿಲ್ಲೆ ತಿಂದ ಇಲಿಯನ್ನು ಮತ್ತೆ ಮತ್ತೆ ತಿಂದ ನಾಯಿಗೂ ವಿಷ ಏರಬಹುದು, ಬಿಲ್ಲೆಯನ್ನೇ ತಿಂದರಂತೂ ಅಪಾಯ ಖಚಿತ. ಲಕ್ಷಣ ಕಾಣುವುದು ಮೂರರಿಂದ ಐದು ದಿನದ ಮೇಲೆ, ವಸಡು ಬಿಳಿಚಿ, ಮೈಯಲ್ಲಿ ರಕ್ತ ಸೋರಲು ತೊಡಗಿದಾಗ. ಬೇಗ ತಿಳಿದರೆ ವಿಟಮಿನ್ ಕೆ1 ಅನ್ನು ವಾರಗಟ್ಟಲೆ ಕೊಟ್ಟು ಉಳಿಸಬಹುದು. ಜಿಂಕ್ ಫಾಸ್ಫೈಡ್ ಎಂಬ ಕರಿಪುಡಿಗೆ ಪ್ರತಿವಿಷವೇ ಇಲ್ಲ, ಕೆಲವೇ ಗಂಟೆಗಳ ಆಟ ಅದು. ಯಾವ ವಿಷವಾದರೂ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ಪಶುವೈದ್ಯರ ಹತ್ತಿರ ಓಡಬೇಕು.

ನಾಗರಹಾವಿನ ಭಯ ಈ ಬಡಾವಣೆಯಲ್ಲಿ ಸಹಜವಾದದ್ದು. ಟೆರಿಯರ್ ಹಾವನ್ನೂ ಹೆಗ್ಗಣದಂತೆಯೇ ಹಿಡಿದು ಒದರಲು ಹೋಗುತ್ತದೆ, ಕಡಿತ ಮುಖಕ್ಕೇ ಬೀಳುತ್ತದೆ. ಕತ್ತಲಾದ ಮೇಲೆ ಹಿತ್ತಲಿಗೆ ಹೋಗುವುದಾದರೆ ಟಾರ್ಚ್ ಹಿಡಿದು, ಹಗ್ಗದಲ್ಲಿ ಮಾತ್ರ. ಕಚ್ಚಿದರೆ ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು, ಗಾಯ ಕೊಯ್ಯುವುದು, ಬಿಗಿಯುವುದು ಬೇಡ.

ಮೂರನೇ ವಾರದಿಂದ "ಕೊಡು" ಅಭ್ಯಾಸ. ನಾಯಿಯ ಬಾಯಲ್ಲಿ ಅಷ್ಟೇನೂ ಬೆಲೆಯಿಲ್ಲದ ವಸ್ತು ಇರುವಾಗ "ಕೊಡು" ಎಂದು ಒಮ್ಮೆ ಹೇಳಿ, ಬಟಾಣಿ ಗಾತ್ರದ ಆರೆಂಟು ಲಿವರ್ ತುಂಡುಗಳನ್ನು ಒಂದು ಮೀಟರ್ ಆಚೆ ನೆಲದ ಮೇಲೆ ಚೆಲ್ಲಬೇಕು. ಕೈಯಿಂದ ತಿನ್ನಿಸಬಾರದು, ಬಾಯಿಗೆ ಕೈ ಹತ್ತಿರವಾಗುವುದೇ ಇಲ್ಲಿನ ತೊಂದರೆ. ನಾಯಿ ಮೂಸುತ್ತ ತಿನ್ನುವಾಗ ವಸ್ತುವನ್ನು ಎತ್ತಿಕೊಂಡು, ಹೆಚ್ಚಿನ ಸಲ ಅದನ್ನು ನಾಯಿಗೇ ವಾಪಸ್ ಕೊಡಬೇಕು. ಕೊಟ್ಟದ್ದು ಮರಳಿ ಸಿಗುತ್ತದೆ ಎಂದು ನಂಬಿಕೆ ಬರದೆ ಟೆರಿಯರ್ ಬಾಯಿ ಬಿಡುವುದಿಲ್ಲ. ದಿನಕ್ಕೆರಡು ಸಲ, ಸಲಕ್ಕೆ ಐದಾರು ಬಾರಿ ಸಾಕು. ಚಿಂದಿ ಬಟ್ಟೆ, ಚೆಂಡು, ಹಗ್ಗದ ಗೊಂಬೆ, ಕೊನೆಗೆ ಮೂಳೆ, ಹೀಗೆ ಮೆಲ್ಲಗೆ ಏರಬೇಕು. ನಿಜವಾದ ಬೇಟೆ ಬಾಯಲ್ಲಿದ್ದಾಗಿನ ನಿಯಮ ಇನ್ನೂ ಬಿಗಿ: ಕೂಗಬಾರದು, ಸುತ್ತುವರಿಯಬಾರದು, ತುಂಡುಗಳನ್ನು ದೂರ ಚೆಲ್ಲಿ, ನಾಯಿ ಬಂದಾಗ ಹಗ್ಗ ಸಿಕ್ಕಿಸಿ ಒಳಗೆ ಕರೆದೊಯ್ಯಬೇಕು, ಆಮೇಲೆ ಇನ್ನೊಬ್ಬರು ಕೈಗವಸು ಹಾಕಿ ಹೆಗ್ಗಣ ತೆಗೆಯಬೇಕು. ಈ ಕೆಲಸ ಅಜ್ಜಿಯದಲ್ಲ, ಮಗುವಿನದಂತೂ ಅಲ್ಲವೇ ಅಲ್ಲ.

ಕರೆಗೆ ಸೀಟಿ ಬಳಸಿದರು. ನಾಯಿಯ ಹೆಸರು ಈಗಾಗಲೇ ಬೈಗುಳದ ಜೊತೆ ಬೆರೆತುಹೋಗಿತ್ತು, ಸೀಟಿಗೆ ಹಳೆಯ ನೆನಪಿಲ್ಲ. ಒಂದು ವಾರ ಮನೆಯೊಳಗೆ ಸೀಟಿ, ಕೂಡಲೇ ತಿಂಡಿ, ಅಷ್ಟೇ. ನಂತರ ಹಿತ್ತಲು, ಆಮೇಲೆ 10 ಮೀಟರಿನ ಉದ್ದ ಹಗ್ಗದಲ್ಲಿ ಬೆಳಗಿನ ಮೈದಾನ. ಉದ್ದ ಹಗ್ಗವನ್ನು ಎದೆಪಟ್ಟಿಗೇ ಕಟ್ಟಬೇಕು. ಕೊರಳ ಬೆಲ್ಟಿಗೆ ಕಟ್ಟಿದರೆ ಓಟದ ತುದಿಯ ಜಗ್ಗು ಕತ್ತಿಗೆ ಬೀಳುತ್ತದೆ.

ಬೇಟೆಗೆ ಒಂದು ಜಾಗ ಕೊಡುವುದು ಈ ಕ್ರಮದ ಹೃದಯ. ನುಗ್ಗೆ ಮರದ ಕೆಳಗೆ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು ಮರಳು, ಮಣ್ಣು ಬೆರೆಸಿ ತುಂಬಿದರು. ದಿನವೂ ಅದರಲ್ಲಿ ಎರಡು ಗೊಂಬೆ, ಒಂದು ಮೂಳೆ ಹೂತಿಟ್ಟರು. ಹೂವಿನ ಪಾತಿ ಅಗೆಯುವುದು ಎರಡು ವಾರದಲ್ಲಿ ಹೆಚ್ಚುಕಡಿಮೆ ನಿಂತಿತು. ಸಂಜೆ ಕೋಲಾಟ: ನಾಲ್ಕಡಿ ಬಿದಿರು, ತುದಿಗೆ ಐದಡಿ ದಾರ, ದಾರಕ್ಕೆ ಬಟ್ಟೆಯ ಬಾಲ. ನಾಯಿ ಕೂತು ಕಾಯಬೇಕು, "ಹಿಡಿ" ಎಂದಾಗ ಅಟ್ಟಬೇಕು, ಹಿಡಿದ ಮೇಲೆ ಹತ್ತು ಸೆಕೆಂಡು ಜಗ್ಗಾಟ, ಆಮೇಲೆ "ಕೊಡು". ಬಾಲ ನೆಲಮಟ್ಟದಲ್ಲೇ ಓಡಬೇಕು. ಗಾಳಿಗೆ ನೆಗೆಸಿದರೆ ಮಂಡಿ ಹಾಳು. ಲೇಸರ್ ದೀಪ ತೋರಿಸಿ ಓಡಿಸುವ ಆಟ ಯಾವ ಟೆರಿಯರ್ ಮನೆಯಲ್ಲೂ ಬೇಡ. ಹಿಡಿಯಲು ಏನೂ ಸಿಗದೆ ಅದು ನೆರಳು, ಬೆಳಕನ್ನೇ ಅಟ್ಟುವ ಗೀಳಿಗೆ ಬೀಳುತ್ತದೆ.

ಎಡವಿದ್ದು ಎಲ್ಲಿ

ನಾಲ್ಕನೇ ವಾರದಲ್ಲಿ ನಾಯಿ ಅಜ್ಜಿಯ ಸೀರೆಯ ನೆರಿಗೆಗೆ ಬಾಯಿ ಹಾಕತೊಡಗಿತು. ಕಾರಣ ಹುಡುಕಿದರೆ, ಶಾಲೆಯಿಂದ ಬಂದ ಮಗಳು ಕೋಲಾಟವನ್ನು ಇಪ್ಪತ್ತು ನಿಮಿಷ, ಅರ್ಧ ಗಂಟೆ ಆಡಿಸುತ್ತಿದ್ದಳು, ನಿಲ್ಲಿಸುವಾಗ ಕೋಲು ಅಡಗಿಸಿ ಓಡಿಬಿಡುತ್ತಿದ್ದಳು. ದಣಿದರೆ ನಾಯಿ ಮಲಗುತ್ತದೆ ಎಂಬುದು ಈ ತಳಿಯ ವಿಷಯದಲ್ಲಿ ನಿಜವಲ್ಲ. ಆವೇಶ ಏರಿಸಿ ಬಿಟ್ಟರೆ ಅದು ಮುಂದಿನ ಚಲನೆಗೆ ಹಾರುತ್ತದೆ. ಆಟವನ್ನು ಐದು ನಿಮಿಷಕ್ಕೆ ಇಳಿಸಿ, ನಡುವೆ ಮೂರು ಬಿಡುವು ಕೊಟ್ಟು, ಕೊನೆಗೆ ಒಂದು ಹಿಡಿ ತಿಂಡಿಯನ್ನು ಹುಲ್ಲಿನಲ್ಲಿ ಚೆಲ್ಲಿ ಮೂಸಿ ಹುಡುಕಲು ಬಿಟ್ಟರು. ಹತ್ತು ನಿಮಿಷ ತಲೆ ತಗ್ಗಿಸಿ ಮೂಸಿದ ನಾಯಿ ತಾನೇ ಹೋಗಿ ನೆರಳಲ್ಲಿ ಮಲಗಿತು. ಕೋಲು ದೊಡ್ಡವರ ಕೈಗೆ ಹೋಯಿತು, ಮಗಳಿಗೆ ಹುಡುಕಾಟದ ಆಟ: ರಟ್ಟಿನ ಡಬ್ಬಿಗಳಲ್ಲಿ ತಿಂಡಿ ಬಚ್ಚಿಟ್ಟು ನಾಯಿಯನ್ನು ಬಿಡುವುದು. ಅವಳು ಇದರಲ್ಲಿ ಮನೆಯ ಎಲ್ಲರಿಗಿಂತ ಜಾಣೆಯಾದಳು.

ಇನ್ನೊಂದು ತೊಡಕು: "ಕೊಡು" ಕಲಿತ ನಾಯಿ ಕಾಲುಚೀಲ ಕದ್ದು ತಂದು ಮುಂದೆ ನಿಲ್ಲತೊಡಗಿತು. ಕದ್ದರೆ ಲಿವರ್ ಸಿಗುತ್ತದೆ ಎಂಬ ಲೆಕ್ಕ ಅದರದು. ಅಪಾಯವಿಲ್ಲದ ವಸ್ತುವಾದರೆ ಕಾಣದಂತೆ ಇದ್ದುಬಿಡಬೇಕು, ಬಟ್ಟೆ ಬುಟ್ಟಿಗೆ ಮುಚ್ಚಳ ಹಾಕಬೇಕು. ಗದರಿಸಿ ಬೆನ್ನಟ್ಟಿದರೆ ಅದೇ ಹೊಸ ಆಟವಾಗುತ್ತದೆ.

ಯಜಮಾನರು ಕರೆಂಟಿನ ಕೊರಳಪಟ್ಟಿ ತರಿಸುವ ಯೋಚನೆಯಲ್ಲಿದ್ದರು. ಕೈಬಿಡಿಸಲಾಯಿತು. ಅಳಿಲು ಕಂಡ ಕ್ಷಣದಲ್ಲಿ ನೋವು ತಾಗಿದರೆ ನಾಯಿ ಆ ನೋವನ್ನು ಪಕ್ಕದಲ್ಲಿ ನಿಂತ ಮಗುವಿಗೆ ಗಂಟುಹಾಕಬಹುದು. ನೋವಿಗೆ ಹಿಂದೆಗೆಯದಂತೆ ಬೆಳೆಸಿದ ತಳಿಯಲ್ಲಿ ಪಟ್ಟಿಯ ಕರೆಂಟಿನ ಮಟ್ಟ ಏರಿಸುತ್ತಲೇ ಹೋಗಬೇಕಾಗುತ್ತದೆ.

ಮೊಲದ ಪ್ರಶ್ನೆ

ಮೊಲ ಬೇಡ ಎಂಬುದೇ ಉತ್ತರ, ಬೇರೆ ಕೋಣೆಯ ಪಂಜರದಲ್ಲಿಟ್ಟರೂ ಬೇಡ. ಮೂರರಿಂದ ಹದಿನಾಲ್ಕು ವಾರದ ಪ್ರಾಯದಲ್ಲಿ ಬೆಕ್ಕಿನ ಜೊತೆ ಬೆಳೆದ ಟೆರಿಯರ್ ಆ ಮನೆಯ ಬೆಕ್ಕಿನೊಂದಿಗೆ ಹೊಂದಿಕೊಂಡೀತು. ಅದೇ ನಾಯಿ ಬೀದಿಯ ಬೆಕ್ಕನ್ನು ಅಟ್ಟುತ್ತದೆ. ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್‌ಗಳ ವಿಷಯ ಬೇರೆ. ಅವುಗಳ ಗಾತ್ರ, ವಾಸನೆ, ಗಾಬರಿಯ ಓಟ ಎಲ್ಲವೂ ಈ ತಳಿಗೆ ಬೇಟೆಯೇ. ಆರು ತಿಂಗಳು ಏನೂ ಆಗದಿರಬಹುದು. ಒಂದು ದಿನ ಬಾಗಿಲ ಚಿಲಕ ಮರೆತರೆ ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ, ಮಗು ಅದನ್ನು ಕಣ್ಣಾರೆ ನೋಡಬೇಕಾಗುತ್ತದೆ. ಮೊಲಕ್ಕೂ ಅದು ನ್ಯಾಯವಲ್ಲ: ಬೇಟೆನಾಯಿಯ ವಾಸನೆಯಲ್ಲಿ ದಿನವಿಡೀ ಇರುವುದೇ ಅದಕ್ಕೆ ಹಿಂಸೆ. ಮಗಳಿಗೆ ಅಪ್ಪ ಅಮ್ಮ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

ಹನ್ನೆರಡನೇ ವಾರದ ಸ್ಥಿತಿ

ಅಳಿಲಿನ ಗಡಿ 12 ಮೀಟರಿನಿಂದ 6ಕ್ಕೆ ಇಳಿದಿತ್ತು. ಕೂತ ಅಳಿಲಿನ ಮುಂದೆ ಸೀಟಿಗೆ ತಿರುಗುತ್ತದೆ. ಅಳಿಲು ಓಡಿದರೆ ನಾಯಿಗೆ ಇನ್ನೂ ಸೀಟಿ ಕೇಳಿಸದು, ಇದು ಮುಂದೆಯೂ ಪೂರ್ತಿ ಸರಿಹೋಗುತ್ತದೆ ಎಂದು ನಂಬಿಸುವುದು ತಪ್ಪಾಗುತ್ತದೆ. ಆದ್ದರಿಂದ ಬೀದಿ, ಕೆರೆ ದಂಡೆ, ಪಾರ್ಕಿನಲ್ಲಿ ಹಗ್ಗ ಬಿಚ್ಚುವಂತಿಲ್ಲ. ನಾಲ್ಕೂ ಕಡೆ ಗೋಡೆಯಿರುವ ಜಾಗದಲ್ಲಿ ಮಾತ್ರ ಬಿಡಬಹುದು. ಉಡ, ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು ಎಂಬುದನ್ನು ಹಗ್ಗ ಬಿಚ್ಚುವವರು ನೆನಪಿಡಬೇಕು.

ತೂಕ 5.9 ಕಿಲೋಗೆ ಬಂತು. ಹತ್ತನೇ ವಾರದಲ್ಲಿ ಮತ್ತೊಂದು ಹೆಗ್ಗಣ ಬಲಿಯಾಯಿತು. ಸೊಸೆ ಲಿವರ್ ಚೆಲ್ಲಿದರು, ನಾಯಿ ಐದಾರು ಸೆಕೆಂಡು ಯೋಚಿಸಿ ಬಿಟ್ಟು ಬಂತು, ಯಾರ ಕೈಗೂ ಏನೂ ಆಗಲಿಲ್ಲ. ನಾಯಿ ಆ ಮನೆಯಲ್ಲೇ ಉಳಿಯಿತು. ಅಜ್ಜಿ ಈಗ ಅದಕ್ಕೆ ಬೆಳಗಿನ ತಟ್ಟೆ ಇಡುತ್ತಾರೆ, ಇಟ್ಟು ಹಿಂದೆ ಸರಿಯುತ್ತಾರೆ. ಉಳಿದ ಕೆಲಸ: ಮಳೆಗಾಲಕ್ಕೆ ಮುನ್ನ ಗೋಡೆ ಬುಡದ ಜಾಲರಿ ಎಲ್ಲಿ ತುಕ್ಕು ಹಿಡಿದಿದೆ ಎಂದು ಅಗೆದು ನೋಡುವುದು, ಕಾಲುವೆಯ ಜಾಲಿ ಬಿಗಿಮಾಡುವುದು, ಇಲಿಜ್ವರದ ಮುಂದಿನ ಲಸಿಕೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು.